ಬಾಳೆಹಣ್ಣಿನ ಮೇಲಿನ ನೊಣಕ್ಕೂ ನಮ್ಮ ಹೃದಯಕ್ಕೂ ಏನು ನಂಟು?

ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳಲ್ಲಿ ಬಾಳೆಗೊನೆ ಹಣ್ಣಾದರೆ ಸಾಕು, ಕೆಂಪು ಕಣ್ಣಿನ ಪುಟ್ಟ ನೊಣಗಳು ಮುತ್ತಿಕೊಳ್ಳುತ್ತವೆ. ಇವು ಹಣ್ಣಿನಲ್ಲಿ ತಾವಾಗಿಯೇ ಹುಟ್ಟುತ್ತವೆ ಎಂದು ನಂಬುವವರಿದ್ದಾರೆ. ಅದು ನಿಜವಲ್ಲ. ಹುಳಿ ಬಂದ ಹಣ್ಣಿನ ವಾಸನೆ ಹಿಡಿದು ಬರುವ ಹೆಣ್ಣು ನೊಣ ಅಲ್ಲಿ ಮೊಟ್ಟೆಯಿಡುತ್ತದೆ. ಇದೇ ಡ್ರೊಸೊಫಿಲ. ಮಾವಿಗೆ ಕಾಟ ಕೊಡುವ ಹಣ್ಣುನೊಣ ಬೇರೆ ಕುಟುಂಬದ್ದು.

ರೆಕ್ಕೆ ಬಡಿಯುವುದು ಹೇಗೆ?

ಈ ನೊಣ ಸೆಕೆಂಡಿಗೆ ಸುಮಾರು 200 ಬಾರಿ ರೆಕ್ಕೆ ಬಡಿಯುತ್ತದೆ. ಆದರೆ ನರದಿಂದ ಸಂದೇಶ ಬರುವುದು ಹಲವು ಬಡಿತಗಳಿಗೆ ಒಮ್ಮೆ ಮಾತ್ರ. ಅದರ ಎದೆಯಲ್ಲಿ ಎರಡು ಬಗೆಯ ಸ್ನಾಯುಗಳಿವೆ: ಒಂದು ಉದ್ದಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ. ಒಂದು ಕುಗ್ಗಿದಾಗ ಎದೆಯ ಆಕಾರ ಬದಲಾಗಿ ಇನ್ನೊಂದು ಹಿಗ್ಗುತ್ತದೆ. ಹಿಗ್ಗಿದ್ದು ಆ ಎಳೆತಕ್ಕೇ ಪ್ರತಿಯಾಗಿ ಕುಗ್ಗುತ್ತದೆ. ಇದಕ್ಕೆ ಸ್ನಾಯು ಬಿಗಿಯಾಗಿರಬೇಕು. ಆ ಬಿಗಿಯನ್ನು ಕೊಡುವಲ್ಲಿ ಸ್ಪ್ರಿಂಗಿನಂಥ ಸ್ಯಾಲಿಮಸ್ ಮತ್ತು ಪ್ರೊಜೆಕ್ಟಿನ್ ಪ್ರೋಟೀನುಗಳ ಪಾತ್ರ ದೊಡ್ಡದು.

ನಮ್ಮ ಸ್ನಾಯುಗಳಲ್ಲಿ ಇವುಗಳ ನಂಟ ಟೈಟಿನ್. ಸುಮಾರು 35,000 ಅಮೈನೋ ಆಮ್ಲಗಳ ಈ ಸರಪಳಿ ನಮ್ಮ ದೇಹದ ಅತಿ ದೊಡ್ಡ ಪ್ರೋಟೀನು. ರಕ್ತ ತುಂಬಿ ಹಿಗ್ಗಿದ ಹೃದಯದ ಸ್ನಾಯು ಮತ್ತೆ ಮೊದಲಿನ ಅಳತೆಗೆ ಬರಲು ಇದು ನೆರವಾಗುತ್ತದೆ. ಹೃದಯ ದೊಡ್ಡದಾಗಿ ದುರ್ಬಲವಾಗುವ ಕಾಯಿಲೆಯೊಂದು ಕೆಲವು ಕುಟುಂಬಗಳಲ್ಲಿ ಹರಿದುಬರುತ್ತದೆ. ಅಂಥ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಟೈಟಿನ್ ಜೀನಿನಲ್ಲೇ ದೋಷವಿರುವುದನ್ನು 2012ರ ಅಧ್ಯಯನವೊಂದು ತೋರಿಸಿತು.

ನೊಣವೇ ಏಕೆ?

ಹೃದಯ ಕೆಟ್ಟರೆ ಮನುಷ್ಯ ಉಳಿಯುವುದು ಕಷ್ಟ. ಹಾರುವ ಸ್ನಾಯು ಕೆಟ್ಟ ನೊಣವಾದರೋ ಬಾಟಲಿಯೊಳಗೆ ನಡೆದಾಡುತ್ತಾ, ತಿನ್ನುತ್ತಾ, ಮರಿ ಮಾಡುತ್ತಾ ಬದುಕುತ್ತದೆ. ಹಾಗಾಗಿ ಸ್ನಾಯುವಿನ ದೋಷವನ್ನು ತಲೆಮಾರುಗಳವರೆಗೆ ಗಮನಿಸಬಹುದು. ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಉಪೇಂದ್ರ ನಾಂಗ್ತೊಂಬಾ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇಂಥದ್ದು: ಅತಿಯಾಗಿ ಕುಗ್ಗಿ ತನ್ನನ್ನೇ ಹಾಳುಮಾಡಿಕೊಳ್ಳುವ ಸ್ನಾಯುವನ್ನು ಮಯೋಸಿನ್ ಜೀನಿನ ಕೆಲವು ಬದಲಾವಣೆಗಳು ಕಾಪಾಡಬಲ್ಲವು. ಅದೇ ಊರಿನ ಎನ್‌ಸಿಬಿಎಸ್‌ನಲ್ಲಿ ಕೆ. ವಿಜಯರಾಘವನ್ ತಂಡ, ಗಾಯಗೊಂಡ ಹಾರುವ ಸ್ನಾಯುವಿನ ದುರಸ್ತಿಗೆ ನೆರವಾಗುವ ಕಾಂಡಕೋಶಗಳನ್ನು 2017ರಲ್ಲಿ ಗುರುತಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಗೆಂದೇ ಡ್ರೊಸೊಫಿಲ ತಳಿಗಳನ್ನು ಸಾಕುವ ಕೇಂದ್ರವಿದೆ.

ನೊಣದಲ್ಲಿ ಕಂಡದ್ದು ನಾಳೆಯೇ ಔಷಧಿಯಾಗುವುದಿಲ್ಲ. ಆದರೆ ಯಾವ ಪ್ರೋಟೀನು ಎಲ್ಲಿ ಎಡವುತ್ತದೆ ಎಂಬ ಸುಳಿವು ಸಿಗುತ್ತದೆ. ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸವೊಂದಿದೆ: ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯ ಹಿಗ್ಗಿ ದುರ್ಬಲವಾಗಿದ್ದರೆ, ಒಡಹುಟ್ಟಿದವರೂ ಮಕ್ಕಳೂ ವೈದ್ಯರನ್ನು ಕಂಡು ಎಕೋ ಪರೀಕ್ಷೆಯ ಬಗ್ಗೆ ಕೇಳುವುದು.