ಸಾವು ಕಸಿದುಕೊಂಡದ್ದು ದಾನವಲ್ಲ

ನಮ್ಮ ಧರ್ಮಕೇಂದ್ರಗಳಲ್ಲಿ ದಾನಿಗಳಿಗೆ ಕೊರತೆಯಿಲ್ಲ ಎಂಬುದಕ್ಕೆ ದೇವಾಲಯದ ಗೋಡೆಗಳೇ ಸಾಕ್ಷಿ. ಬೆಂಚಿನ ಬೆನ್ನಿಗೊಂದು ಹೆಸರು, ಫ್ಯಾನಿನ ರೆಕ್ಕೆಗೊಂದು ಹೆಸರು, ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳ ಕೆಳಗೆ ಹದಿನಾಲ್ಕು ಕುಟುಂಬಗಳ ಹೆಸರು. ಅವುಗಳಲ್ಲಿ ಅನೇಕವು 'ದಿವಂಗತ' ಎಂಬ ಪದದಿಂದಲೇ ಆರಂಭವಾಗುತ್ತವೆ. ಓದಿದವರು ತಲೆದೂಗಿ ಮುಂದೆ ಸಾಗುತ್ತಾರೆ. ಬದುಕಿದ್ದಾಗ ಇವರ ಕೈ ಬಡವರ ಕಡೆಗೆ ಚಾಚಿತ್ತೇ ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಸತ್ತವರಿಗೆ ಕೇಳಿ ಫಲವಿಲ್ಲ. ಅವರ ಲೆಕ್ಕ ದೇವರ ಸನ್ನಿಧಿಯಲ್ಲಿದೆ. ಇನ್ನೂ ಉಸಿರಾಡುತ್ತಿರುವ ನಮಗೆ ಅದನ್ನು ಕೇಳಲೇಬೇಕಾಗಿದೆ.

ನಮ್ಮ ನಡುವೆ ಒಂದು ನಂಬಿಕೆ ಸದ್ದಿಲ್ಲದೆ ಬೇರೂರಿದೆ. ದುಡಿಯುವ ಕಾಲದಲ್ಲಿ ದುಡಿಯೋಣ, ಕೂಡಿಡುವ ಕಾಲದಲ್ಲಿ ಕೂಡಿಡೋಣ, ಕೊನೆಗಾಲದಲ್ಲಿ ದೇವರ ಪಾಲನ್ನು ದೇವರಿಗೂ ಬಡವರ ಪಾಲನ್ನು ಬಡವರಿಗೂ ಬರೆದಿಟ್ಟರಾಯಿತು ಎಂಬುದೇ ಆ ನಂಬಿಕೆ. ಕೇಳುವುದಕ್ಕೆ ಇದು ವಿವೇಕದಂತೆ ತೋರುತ್ತದೆ. ಆದರೆ ಇದು ಶುಭಸಂದೇಶದ ಬೋಧನೆಯಲ್ಲ. ಶುಭಸಂದೇಶದಿಂದ ತಪ್ಪಿಸಿಕೊಳ್ಳಲು ನಾವೇ ತೆರೆದುಕೊಂಡ ಹಿತ್ತಲ ಬಾಗಿಲು. ಕೈಯಲ್ಲಿದ್ದುದನ್ನು ತಾನಾಗಿ ಬಿಟ್ಟುಕೊಡುವುದು ದಾನ. ಹಿಡಿದ ಕೈ ತಣ್ಣಗಾದ ಮೇಲೆ ಅದರಿಂದ ಜಾರಿಬಿದ್ದದ್ದು ದಾನವಲ್ಲ.

ಅವಿವೇಕಿ ಧನಿಕನ ಸಾಮತಿ ನಮಗೆಲ್ಲ ಬಾಯಿಪಾಠವಾಗಿದೆ (ಲೂಕ 12:16-21). ಆದರೆ ಯೇಸುಸ್ವಾಮಿ ಅದನ್ನು ಯಾವ ಸಂದರ್ಭದಲ್ಲಿ ನುಡಿದರೆಂಬುದನ್ನು ನಾವು ಮರೆಯುತ್ತೇವೆ. ಜನಸಮೂಹದ ನಡುವಿನಿಂದ ಒಬ್ಬಾತ, ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲನ್ನು ಕೊಡುವಂತೆ ತನ್ನ ಸಹೋದರನಿಗೆ ಹೇಳಬೇಕೆಂದು ಸ್ವಾಮಿಯನ್ನು ಕೇಳಿಕೊಂಡ. ಸ್ವಾಮಿ ಪಾಲು ಹಂಚುವ ಪಂಚಾಯಿತಿಗೆ ಕೂರಲು ಒಪ್ಪಲಿಲ್ಲ. ಲೋಭದ ಬಗ್ಗೆ ಎಚ್ಚರಿಸಿ ಈ ಸಾಮತಿಯನ್ನು ಹೇಳಿದರು. ಆ ಆಸ್ತಿಯನ್ನು ಸಂಪಾದಿಸಿದವನು ಯಾರು, ಎಷ್ಟು ಬೆವರು ಸುರಿಸಿದನು ಎಂಬುದೊಂದನ್ನೂ ಶುಭಸಂದೇಶ ಹೇಳುವುದಿಲ್ಲ. ಅವನು ಬಿಟ್ಟುಹೋದುದರಲ್ಲಿ ನಮ್ಮವರೆಗೆ ತಲುಪಿರುವುದು ಮಕ್ಕಳ ಜಗಳ ಮಾತ್ರ.

ಸಾಮತಿಯ ಧನಿಕನನ್ನು ಗಮನಿಸಿರಿ. ಅವನು ಕಳ್ಳನಲ್ಲ, ಬಡ್ಡಿಕೋರನಲ್ಲ, ಯಾರ ಹೊಲವನ್ನೂ ಒತ್ತುವರಿ ಮಾಡಿದವನಲ್ಲ. ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ಅವನ ತಪ್ಪು ಬೆಳೆಯಲ್ಲಿರಲಿಲ್ಲ. ಇಷ್ಟು ಬೆಳೆಯನ್ನು ಏನು ಮಾಡಲಿ ಎಂಬ ಪ್ರಶ್ನೆ ಬಂದಾಗ ಅವನು ತನ್ನೊಬ್ಬನನ್ನೇ ಕೇಳಿಕೊಂಡ. ಹೆಂಡತಿ ಮಕ್ಕಳಿಲ್ಲ, ನೆರೆಯವರಿಲ್ಲ, ಸುಗ್ಗಿ ಮಾಡಿದ ಆಳುಗಳಿಲ್ಲ, ದೇವರೂ ಇಲ್ಲ. ತನ್ನೊಂದಿಗೇ ಮಾತಾಡಿ, ತನ್ನ ಸಲಹೆಯನ್ನು ತಾನೇ ಒಪ್ಪಿಕೊಂಡು, ದೊಡ್ಡ ಕಣಜ ಕಟ್ಟಲು ನಿರ್ಧರಿಸಿ ಮಲಗಿದ. ಅಂದಿನ ರಾತ್ರಿಯೇ ಅವನ ಪ್ರಾಣಕ್ಕೆ ಕರೆ ಬಂತು. ಅವನಿಗೂ ಮುಂದೆ ದಾನ ಮಾಡುವ ಯೋಚನೆ ಇದ್ದಿರಬಹುದು. ಆ ಮುಂದೆ ಎಂಬುದು ಬರಲೇ ಇಲ್ಲ.

ಕೊನೆಗಾಲದ ಔದಾರ್ಯವನ್ನು ನಮಗಿಂತ ಮೊದಲೇ ಖಂಡಿಸಿದವರು ಸಭಾಪಿತೃ ಸಂತ ಬೆಸಿಲ್. ಕ್ರಿ.ಶ. 369ರ ಸುಮಾರಿಗೆ ಈಗಿನ ಟರ್ಕಿ ದೇಶದಲ್ಲಿರುವ ಕಪ್ಪದೋಕ್ಯ ಪ್ರಾಂತ್ಯದ ಸಿಸೇರಿಯ ನಗರವನ್ನು ಭೀಕರ ಬರ ಆವರಿಸಿತು. ಹಳ್ಳಿಗರು ಹಸಿವಿನಿಂದ ಸಾಯುತ್ತಿದ್ದಾಗ ಸಿರಿವಂತರು ಧಾನ್ಯದ ಬೆಲೆ ಏರಲೆಂದು ಕಣಜಗಳಿಗೆ ಬೀಗ ಜಡಿದಿದ್ದರು. ಆಗಿನ್ನೂ ಗುರುಗಳಾಗಿದ್ದ ಬೆಸಿಲ್ ತಮ್ಮ ಪ್ರಬೋಧನೆಗಳ ಬಲದಿಂದ ಆ ಬೀಗಗಳನ್ನು ತೆಗೆಸಿ, ಹಸಿದವರನ್ನು ಒಂದೆಡೆ ಕೂರಿಸಿ, ತಾವೇ ನಿಂತು ಬಡಿಸಿದರು. ಬದುಕಿರುವಷ್ಟು ಕಾಲ ಅನುಭವಿಸುತ್ತೇವೆ, ಆಮೇಲೆ ಬಡವರಿಗೆ ಉಯಿಲು ಬರೆಯುತ್ತೇವೆ ಎಂದವರಿಗೆ ಅವರು ಕೊಟ್ಟ ಉತ್ತರ ಕಠೋರವಾದುದು. ಅದರ ಸಾರ ಇಷ್ಟು: ನಿಮಗೆ ಸಾವಿಲ್ಲದೆ ಇದ್ದಿದ್ದರೆ ನೀವು ಎಂದೆಂದಿಗೂ ಕೊಡುತ್ತಿರಲಿಲ್ಲ, ಆದ್ದರಿಂದ ಬಡವರು ಕೃತಜ್ಞರಾಗಿರಬೇಕಾದುದು ನಿಮಗಲ್ಲ, ನಿಮ್ಮ ಸಾವಿಗೆ. ಮುಂದೆ ಧರ್ಮಾಧ್ಯಕ್ಷರಾದ ಬೆಸಿಲ್ ನಗರದ ಹೊರವಲಯದಲ್ಲಿ ರೋಗಿಗಳಿಗೂ ದಿಕ್ಕಿಲ್ಲದವರಿಗೂ ಆಶ್ರಯಧಾಮವನ್ನು ಕಟ್ಟಿಸಿದರು. ಅದು ಎದ್ದುನಿಂತದ್ದು ಅವರ ಜೀವಿತಕಾಲದಲ್ಲೇ.

ನಮ್ಮ ದೇಶದ ಕಾನೂನೂ ಬಹುಕಾಲ ಕ್ರೈಸ್ತರ ಕೊನೆಗಾಲದ ದಾನವನ್ನು ಅನುಮಾನದಿಂದಲೇ ನೋಡಿತ್ತು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 118ನೆಯ ಸೆಕ್ಷನ್ ಪ್ರಕಾರ, ಹತ್ತಿರದ ಬಂಧುಗಳಿರುವ ಕ್ರೈಸ್ತನೊಬ್ಬ ಧಾರ್ಮಿಕ ಅಥವಾ ದಾನಧರ್ಮದ ಉದ್ದೇಶಕ್ಕೆ ಆಸ್ತಿ ಬರೆಯಬೇಕಾದರೆ, ಆ ಉಯಿಲು ಅವನ ಮರಣಕ್ಕೆ ಕನಿಷ್ಠ ಹನ್ನೆರಡು ತಿಂಗಳು ಮೊದಲೇ ಆಗಿರಬೇಕಿತ್ತು. ಮರಣಶಯ್ಯೆಯ ಭಯದಲ್ಲಿ ಯಾರೂ ಆಸ್ತಿಯನ್ನು ಬರೆದುಕೊಟ್ಟುಬಿಡಬಾರದು ಎಂಬುದು ಅದರ ಹಿಂದಿನ ಆಲೋಚನೆ. ಕೇರಳದ ಗುರುಗಳಾದ ಫಾದರ್ ಜಾನ್ ವಲ್ಲಮಟ್ಟಂ ಹೂಡಿದ ಮೊಕದ್ದಮೆಯಲ್ಲಿ, 2003ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಕ್ರೈಸ್ತರಿಗೆ ಮಾತ್ರ ಅಂಥ ಕಟ್ಟುಪಾಡು ಅನ್ಯಾಯವೇ ಆಗಿತ್ತು. ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ನ್ಯಾಯಾಲಯ ನಮಗೆ ಕೊಟ್ಟದ್ದು ಬರೆಯುವ ಸ್ವಾತಂತ್ರ್ಯವನ್ನು ಮಾತ್ರ. ಬರೆದದ್ದು ಪುಣ್ಯವೇ ಎಂದು ನಿರ್ಧರಿಸುವ ಪೀಠ ಬೇರೆಯಿದೆ.

ಮಕ್ಕಳಿಗಾಗಿ ಕೂಡಿಡುತ್ತಿದ್ದೇವೆ, ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಯಾವ ಮಕ್ಕಳಿಗಾಗಿ ಎಂದು ಮರುಪ್ರಶ್ನೆ ಹಾಕಬೇಕಾಗಿದೆ. ಅದೇ 1925ರ ಅಧಿನಿಯಮವು ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಪಾಲನ್ನೂ, ಉಳಿದುದರಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲನ್ನೂ ಕೊಡುತ್ತದೆ. ಹಿಂದಿನ ತಿರುವಾಂಕೂರು ಸೀಮೆಯಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಎಂಬ ಕಾಯಿದೆಯಿತ್ತು. ಮೇರಿ ರಾಯ್ ಅವರು ಹೋರಾಡಿ 1986ರಲ್ಲಿ ಸುಪ್ರೀಂ ಕೋರ್ಟಿನಿಂದ ಅಲ್ಲಿಯೂ ಸಮಪಾಲನ್ನು ದೊರಕಿಸಿಕೊಟ್ಟರು. ಕಾನೂನು ಹೀಗಿರುವಾಗ ನಮ್ಮ ಮನೆಗಳಲ್ಲಿ ನಡೆಯುವುದೇನು? ತಂದೆಯ ವರ್ಷದ ಪೂಜೆ ಮುಗಿಯುವ ಮೊದಲೇ ಹೆಣ್ಣುಮಕ್ಕಳನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. ಮದುವೆಗೆ ಖರ್ಚು ಮಾಡಿದೆವಲ್ಲ ಎಂದು ಬಾಯಿ ಮುಚ್ಚಿಸುತ್ತೇವೆ. ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಅಕ್ಕತಂಗಿಯರು ಸಹಿ ಹಾಕುತ್ತಾರೆ. ಆ ಸಹಿಯಿಂದ ಉಳಿದ ಹಣದಲ್ಲಿ ದೇವಾಲಯಕ್ಕೊಂದು ಬೆಂಚನ್ನು ಮಾಡಿಸಿ ತಂದೆಯ ಹೆಸರನ್ನು ಕೆತ್ತಿಸುತ್ತೇವೆ! ತಂಗಿಯ ಪಾಲನ್ನು ದೇವರಿಗೆ ಅರ್ಪಿಸಿದರೆ ದೇವರು ಸ್ವೀಕರಿಸುವರೇ?

ಇಲ್ಲೊಂದು ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ತಂಗಿಯ ಪಾಲು, ತೋಟದ ಆಳಿನ ಕೂಲಿ, ಮನೆಗೆಲಸದವಳ ಸಂಬಳ ಇವು ದಾನಗಳಲ್ಲ, ಸಾಲಗಳು. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ (ಯಕೋಬ 5:4). ಸಾಲ ತೀರಿದ ಮೇಲೆಯೇ ದಾನದ ಮಾತು. ಜೆರಿಕೊ ಊರಿನ ಜಕ್ಕಾಯನಿಗೆ ಈ ಲೆಕ್ಕ ಅರ್ಥವಾಗಿತ್ತು (ಲೂಕ 19:1-10). ಬಡವರಿಗೆ ಅರ್ಧ ಆಸ್ತಿ, ಮೋಸಹೋದವರಿಗೆ ನಾಲ್ಕರಷ್ಟು ಎಂದು ಅವನು ಬೇರೆಬೇರೆಯಾಗಿಯೇ ಹೇಳಿದ. ಅವನು ಉಯಿಲು ಬರೆಯುತ್ತೇನೆ ಎನ್ನಲಿಲ್ಲ. ಎದ್ದುನಿಂತು, ಅತಿಥಿಯ ಎದುರಿನಲ್ಲಿಯೇ ಕೊಟ್ಟ. ಅಂದೇ ಆ ಮನೆಗೆ ಉದ್ಧಾರ ಬಂತೆಂದು ಸ್ವಾಮಿ ಸಾರಿದರು. ಒಬ್ಬ ಧನಿಕನಿಗೆ ಅಂದಿನ ರಾತ್ರಿ ಸಾವು ಬಂತು, ಇನ್ನೊಬ್ಬ ಧನಿಕನಿಗೆ ಅಂದಿನ ಹಗಲಿನಲ್ಲಿಯೇ ಬದುಕು ಬಂತು. ಇಬ್ಬರೂ ಸಿರಿವಂತರೇ. ಒಬ್ಬ ಮುಂದೂಡಿದ, ಇನ್ನೊಬ್ಬ ಮುಂದೂಡಲಿಲ್ಲ.

ಇದೆಲ್ಲ ಬೈಬಲಿನ ಕಾಲಕ್ಕೆ ಸರಿ, ಈಗ ಯಾರಿಂದ ಸಾಧ್ಯ ಎನ್ನುವಿರಾ? ಅಮೆರಿಕದ ಐರಿಷ್ ಮೂಲದ ಕಥೋಲಿಕ ಕುಟುಂಬವೊಂದರಲ್ಲಿ 1931ರಲ್ಲಿ ಹುಟ್ಟಿದ ಚಕ್ ಫೀನಿ ಎಂಬುವರು ವಿಮಾನ ನಿಲ್ದಾಣಗಳಲ್ಲಿ ಸುಂಕರಹಿತ ಅಂಗಡಿಗಳನ್ನು ನಡೆಸಿ ಅಪಾರ ಸಂಪತ್ತನ್ನು ಗಳಿಸಿದರು. 1984ರಲ್ಲಿ ಅದರ ಬಹುಪಾಲನ್ನು ಯಾರಿಗೂ ತಿಳಿಯದಂತೆ ದಾನಸಂಸ್ಥೆಗೆ ವರ್ಗಾಯಿಸಿಬಿಟ್ಟರು. ಲೋಕಕ್ಕೆ ಅದು ಗೊತ್ತಾದದ್ದು 1997ರಲ್ಲಿ. 800 ಕೋಟಿ ಡಾಲರುಗಳಷ್ಟು ಹಣ ಆಸ್ಪತ್ರೆ, ವಿಶ್ವವಿದ್ಯಾಲಯ, ಸಂಶೋಧನೆಗಳಿಗೆ ಹೋಯಿತು. ಆ ಕಟ್ಟಡಗಳ ಮೇಲೆ ತಮ್ಮ ಹೆಸರು ಬೇಡವೆಂದರು. 2020ರಲ್ಲಿ ಹಣವೆಲ್ಲ ಮುಗಿದಾಗ ಸಂಸ್ಥೆಯನ್ನು ಮುಚ್ಚಿದರು. 2023ರ ಅಕ್ಟೋಬರಿನಲ್ಲಿ, 92ರ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ ಅವರು ಬಾಡಿಗೆ ಮನೆಯಲ್ಲಿ ವಾಸವಾಗಿದ್ದರು. ಅವರನ್ನು ಸಂತರೆಂದು ಸಾರುವುದು ನಮ್ಮ ಕೆಲಸವಲ್ಲ. ಆದರೆ ಸಾವು ಅವರ ಬಳಿ ಬಂದಾಗ ಕಸಿದುಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ ಎಂಬುದು ಸತ್ಯ.

ಇನ್ನು ನಮ್ಮ ಸಮಾಧಿಭೂಮಿಗಳ ಕಡೆಗೆ ಬರೋಣ. ಬೆಂಗಳೂರಿನಂಥ ನಗರಗಳಲ್ಲಿ ಹೂಳಲು ಆರಡಿ ನೆಲ ಸಿಗುವುದೇ ಕಷ್ಟವಾಗಿದೆ. ಅಂಥಲ್ಲಿಯೂ ಕಪ್ಪು ಗ್ರಾನೈಟಿನ ಮಹಲುಗಳೇಳುತ್ತಿವೆ. ಪಕ್ಕದಲ್ಲಿ ಬಡವನ ಮರದ ಶಿಲುಬೆ ಒಂದೇ ಮಳೆಗಾಲಕ್ಕೆ ವಾಲುತ್ತದೆ. ಬೂದಿ ಬುಧವಾರದಂದು ಎಲ್ಲರ ಹಣೆಗೂ ಒಂದೇ ಬೂದಿ, ಸಮಾಧಿಯಲ್ಲಿ ಮಾತ್ರ ಅಂತಸ್ತು ಬೇರೆಬೇರೆ! 2025ರ ಏಪ್ರಿಲ್ 21ರಂದು ದೈವಾಧೀನರಾದ ಪೋಪ್ ಫ್ರಾನ್ಸಿಸರೂ ಉಯಿಲು ಬರೆದಿದ್ದರು. 2022ರ ಜೂನ್ 29ರ ಆ ಪತ್ರ ಸಮಾಧಿಯ ವಿಷಯಕ್ಕೆ ಮಾತ್ರ ಸಂಬಂಧಿಸಿತ್ತು. ರೋಮಿನ ಸಂತ ಮೇರಿ ಮಹಾದೇವಾಲಯದಲ್ಲಿ, ನೆಲದೊಳಗೆ, ಅಲಂಕಾರವಿಲ್ಲದ ಸರಳ ಸಮಾಧಿ, ಅದರ ಮೇಲೆ ಲತೀನಿನಲ್ಲಿ 'ಫ್ರಾನ್ಸಿಸ್ಕುಸ್' ಎಂಬ ಒಂದೇ ಹೆಸರು ಇಷ್ಟನ್ನೇ ಅವರು ಕೇಳಿಕೊಂಡದ್ದು. ಯೇಸುಸ್ವಾಮಿಗಂತೂ ಸ್ವಂತ ಸಮಾಧಿಯೂ ಇರಲಿಲ್ಲ. ಅರಿಮತಾಯದ ಜೋಸೆಫನೆಂಬ ಸಿರಿವಂತ ತನಗಾಗಿ ಕೊರೆಯಿಸಿದ್ದ ಹೊಸ ಸಮಾಧಿಯನ್ನು ಅವರಿಗೆ ಬಿಟ್ಟುಕೊಟ್ಟ (ಮತ್ತಾಯ 27:57-60). ತನ್ನ ಸಮಾಧಿಯನ್ನೂ ಬದುಕಿದ್ದಾಗಲೇ ದಾನಮಾಡಿದ ಆ ಧನಿಕನನ್ನು ನಾವು ಯಾವಾಗ ಅನುಸರಿಸುವುದು?

ಮುಪ್ಪಿಗೆ, ಆಸ್ಪತ್ರೆಗೆ ಏನಾದರೂ ಬೇಡವೇ ಎಂಬ ಆಕ್ಷೇಪ ನ್ಯಾಯವಾದುದು. ಬೇಕು, ಖಂಡಿತವಾಗಿ ಬೇಕು. ಕೈಯಲ್ಲಿದ್ದುದನ್ನೆಲ್ಲ ಹಂಚಿ ಬೀದಿಗೆ ಬನ್ನಿರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಎಷ್ಟು ಬೇಕು ಎಂದು ಒಮ್ಮೆಯಾದರೂ ಕಾಗದದ ಮೇಲೆ ಬರೆದು ಕೂಡಿದ್ದೇವೆಯೇ? ಅಗತ್ಯಕ್ಕೆ ಅಳತೆಯಿದೆ, ಭಯಕ್ಕೆ ಅಳತೆಯಿಲ್ಲ. ಎರಡನೆಯ ಸೈಟು, ಮೂರನೆಯ ಫ್ಲ್ಯಾಟು, ಲಾಕರಿನಲ್ಲಿ ವರ್ಷಗಟ್ಟಲೆ ಬೆಳಕು ಕಾಣದ ಒಡವೆ ಇವುಗಳನ್ನೆಲ್ಲ ಮುಪ್ಪಿನ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವುದು ಮುಪ್ಪಿಗೆ ಮಾಡುವ ಅವಮಾನ. ನಿವೃತ್ತಿಯಾಗಲಿ, ಸಾಲ ತೀರಲಿ, ಆಮೇಲೆ ಕೊಡೋಣ ಎನ್ನುವುದೂ ಭ್ರಮೆಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನೂರು ರೂಪಾಯಿ ಬಿಚ್ಚದ ಕೈ ಲಕ್ಷವನ್ನು ಬಿಚ್ಚುವುದಿಲ್ಲ.

ತಪ್ಪು ಶ್ರೀಸಾಮಾನ್ಯರದ್ದು ಮಾತ್ರವಲ್ಲ. ಹೆಸರು ಕೆತ್ತಿಸುತ್ತೇವೆಂದು ಆಸೆ ತೋರಿಸಿ ಹಣ ಎತ್ತುವ ನಮ್ಮ ಪಾಲನಾ ಸಮಿತಿಗಳೂ, ದೊಡ್ಡ ಮೊತ್ತ ಕೊಟ್ಟವರನ್ನು ಹಬ್ಬದ ದಿನ ಶಾಲು ಹೊದಿಸಿ ಕೊಂಡಾಡುವ ಗುರುವರ್ಯರೂ ಇದರಲ್ಲಿ ಪಾಲುದಾರರು. ಎರಡು ಕಾಸು ಹಾಕಿದ ಬಡ ವಿಧವೆಯನ್ನು ಸ್ವಾಮಿ ಮೆಚ್ಚಿದರು (ಲೂಕ 21:1-4). ಅವಳ ಹೆಸರು ಯಾವ ಫಲಕದ ಮೇಲೂ ಇಲ್ಲ.

ಈಜಿಪ್ಟಿನ ಸಂತ ಅಂತೋಣಿಯವರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಇವರು ಪಾದುವದ ಅಂತೋಣಿಯವರಲ್ಲ, ಅವರಿಗಿಂತ ಸುಮಾರು ಒಂಬೈನೂರು ವರ್ಷ ಮೊದಲಿದ್ದ ಮರುಭೂಮಿಯ ತಪಸ್ವಿ. ತಂದೆತಾಯಿ ತೀರಿಕೊಂಡು ಫಲವತ್ತಾದ ಭೂಮಿಗೆ ಒಡೆಯರಾಗಿದ್ದ ಆ ಯುವಕ, ದೇವಾಲಯದಲ್ಲಿ ಶುಭಸಂದೇಶದ ವಾಚನವನ್ನು ಕೇಳಿ ಹೊರಬಂದವರೇ ತಮ್ಮ ಜಮೀನನ್ನು ಊರವರಿಗೆ ಕೊಟ್ಟುಬಿಟ್ಟರು. ಅಂದು ಅವರು ಕೇಳಿದ ಅದೇ ವಾಚನವನ್ನು (ಮತ್ತಾಯ 19:21) ನಾವೂ ಎಷ್ಟೋ ಸಲ ಕೇಳಿದ್ದೇವೆ. ಕೇಳಿ, ಮನೆಗೆ ಹೋಗಿ, ಊಟ ಮಾಡಿದ್ದೇವೆ.

ಪ್ರಿಯ ಓದುಗರೇ, ಉಯಿಲು ಬರೆಯಿರಿ. ಮಕ್ಕಳು ಕೋರ್ಟು ಹತ್ತದಿರಲು ಅದು ಬೇಕು. ಆದರೆ ಅದರಲ್ಲಿ ಬಡವರಿಗೆಂದು ಬರೆಯಲಿರುವ ಸಾಲನ್ನು ಈ ತಿಂಗಳೇ ಕಾರ್ಯಗತ ಮಾಡಿರಿ. ತಂಗಿಯ ಪಾಲು ಉಳಿದಿದ್ದರೆ ಅವಳನ್ನು ಕರೆದು ಕೊಡಿರಿ. ಮನೆಗೆಲಸದವಳ ಮಗುವಿನ ಶಾಲಾಶುಲ್ಕವನ್ನು ಕಟ್ಟಿರಿ. ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರು ನಿಮ್ಮ ಧರ್ಮಕೇಂದ್ರದ ಯಾವ ಮನೆಯಲ್ಲಿ ಔಷಧಿಗೆ ಹಣವಿಲ್ಲವೆಂದು ಬಲ್ಲರು, ಹೋಗಿ ವಿಚಾರಿಸಿರಿ. ಕೊಟ್ಟ ಹಣದಿಂದ ಒಂದು ಜ್ವರ ಇಳಿದದ್ದನ್ನು, ಒಂದು ಮಗು ಪರೀಕ್ಷೆಗೆ ಕೂತದ್ದನ್ನು ನಿಮ್ಮ ಕಣ್ಣಿನಿಂದಲೇ ನೋಡಿರಿ. ಉಯಿಲಿನ ದಾನಿಗೆ ಆ ಭಾಗ್ಯವಿಲ್ಲ.