ಮೊಬೈಲಿನ ಅಟ್ಟ ಗುಡಿಸುವ ಮುನ್ನ



ಶ್ರಾವಣ ಬರುವುದಕ್ಕೆ ಮುನ್ನ ಅಟ್ಟದ ಸಾಮಾನುಗಳನ್ನೆಲ್ಲ ಇಳಿಸಿ, ಮನೆಯನ್ನು ಸಾರಿಸಿ, ಗೋಡೆಗಳಿಗೆ ಸುಣ್ಣ ಬಳಿಯುವುದು ನಮ್ಮ ಕಡೆಯ ಮನೆಗಳ ಹಳೆಯ ರೂಢಿ. ಅಟ್ಟದಿಂದ ಇಳಿದ ಒಂದೊಂದು ವಸ್ತುವನ್ನೂ ಮನೆಯ ಹಿರಿಯ ತಾಯಿ ಕೈಯಲ್ಲಿ ಹಿಡಿದು ನೋಡಿ, ಇದು ಇರಲಿ, ಇದು ಹೋಗಲಿ ಎಂದು ಹೇಳಿದ ಮೇಲೆಯೇ ಅದು ತಿಪ್ಪೆಗೆ ಹೋಗುತ್ತಿತ್ತು. ಹರಕು ಚೀಲದೊಡನೆ ಅಜ್ಜನ ಕಾಲದ ಹೊಲದ ಕಾಗದಪತ್ರವೂ ಹೋಗಿಬಿಡಬಾರದೆಂಬ ಎಚ್ಚರಿಕೆ ಅದರಲ್ಲಿತ್ತು. ಈಗ ನಮ್ಮೆಲ್ಲರ ಕಿಸೆಯಲ್ಲಿಯೂ ಮತ್ತೊಂದು ಅಟ್ಟ ಸೇರಿಕೊಂಡಿದೆ. ಅದನ್ನು ಗುಡಿಸುವಾಗ ಮಾತ್ರ ಈ ಎಚ್ಚರ ನಮ್ಮಲ್ಲಿ ಕಾಣುತ್ತಿಲ್ಲ. ಈ ಸಂಗತಿಯನ್ನು ಓದುಗರ ಮುಂದಿಡಬೇಕೆಂದು ನಮಗೆ ಅನಿಸಿದ್ದು ಹೆಬ್ಬಳ್ಳಿಯ ಒಂದು ಮನೆಯಲ್ಲಿ.

ಹೆಬ್ಬಳ್ಳಿಯು ಧಾರವಾಡ ತಾಲೂಕಿನ ಗ್ರಾಮ. ಧಾರವಾಡ ನಗರದಲ್ಲಿ ಹೆಬ್ಬಳ್ಳಿ ಅಗಸಿ ಎಂಬ ಹೆಸರು ಇಂದಿಗೂ ಉಳಿದಿರುವುದನ್ನು ಓದುಗರು ಬಲ್ಲರು. ಆ ಊರಿನ ಒಕ್ಕಲುತನದ ಮನೆಯೊಂದರಲ್ಲಿ, ಲಿಂಗೈಕ್ಯರಾದ ಹಿರಿಯ ತಾಯಿಯೊಬ್ಬರ ವರ್ಷದ ಸ್ಮರಣೆಗೆ ನಾವು ಹೋಗಿದ್ದೆವು. ಆ ತಾಯಿ ಓದುಬರಹ ಬಲ್ಲವರಲ್ಲ. ಆದರೆ ಬೆಳಗಿನ ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ಹತ್ತಾರು ವಚನಗಳನ್ನು ತಮ್ಮದೇ ಧಾಟಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಆ ದನಿಯನ್ನು ಮೊಮ್ಮಗನು ತನ್ನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದನು. ಪೂಜೆ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ ಅವನ ತಾಯಿ, “ತಮ್ಮಾ, ಆಯೀ ದನಿ ಒಮ್ಮೆ ಹಚ್ಚಪಾ, ಎಲ್ಲಾರೂ ಕೇಳಲಿ” ಎಂದರು. ಹುಡುಗ ತಲೆ ತಗ್ಗಿಸಿದನು. “ಇಲ್ಲಬೇ ಅವ್ವಾ, ಅದು ಹೋತು” ಎಂದನು. “ಎಲ್ಲಿ ಹೋತು?” ಎಂದು ತಾಯಿ ಕೇಳಿದ ಪ್ರಶ್ನೆಗೆ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ನಡೆದದ್ದು ಇಷ್ಟು. ಬೆಳೆ ಸಮೀಕ್ಷೆಗಾಗಿ ಹೊಲದ ಚಿತ್ರ ತೆಗೆಯಲು ಹೋದಾಗ ಮೊಬೈಲಿನಲ್ಲಿ ಜಾಗ ಸಾಲದೆಂಬ ಸೂಚನೆ ಬಂದಿತು. ತಾನು ಕೇಳದೆಯೇ ಬಂದು ಕುಳಿತಿದ್ದ ಆಟದ, ಸುದ್ದಿಯ, ಖರೀದಿಯ ಆ್ಯಪ್‌ಗಳನ್ನು ತೆಗೆಯಹೋದರೆ ಅವುಗಳಲ್ಲಿ ಕೆಲವು ಅಲುಗಾಡಲಿಲ್ಲ. ಪೇಟೆಯ ಒಂದು ಅಂಗಡಿಯವರು, ಮೊಬೈಲನ್ನು ‘ರೂಟ್’ ಮಾಡಿದರೆ ಎಲ್ಲವನ್ನೂ ಕಿತ್ತು ಹಾಕಬಹುದೆಂದರು. ಹುಡುಗ ಒಪ್ಪಿದನು. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಬೇಡದ ಆ್ಯಪ್‌ಗಳು ಹೋದವು; ಅವುಗಳೊಡನೆ ಆಯಿಯ ದನಿಯೂ ಹೋಯಿತು.

ಇಲ್ಲಿ ಅಂಗಡಿಯವರ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ರೂಟ್ ಎಂದರೇನು ಎಂಬುದನ್ನು ಕೇಳಿ ತಿಳಿಯದೆ ಒಪ್ಪಿದ್ದೇ ಮೊದಲ ತಪ್ಪು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ಎಂಬ ಗಣಕ ವ್ಯವಸ್ಥೆಯಲ್ಲಿ, ಸಕಲ ಅಧಿಕಾರವುಳ್ಳ ಬಳಕೆದಾರನಿಗೆ ‘ರೂಟ್’ ಎಂದು ಹೆಸರು. ನಮ್ಮ ಆಂಡ್ರಾಯ್ಡ್ ಮೊಬೈಲುಗಳು ಅದೇ ಸಂಪ್ರದಾಯದ ಲಿನಕ್ಸ್ ತಳಹದಿಯ ಮೇಲೆ ನಿಂತಿವೆ. ಆದರೆ ಕೊಂಡವರಿಗೆ ಆ ಅಧಿಕಾರವನ್ನು ಕೊಡದೆಯೇ ಮೊಬೈಲನ್ನು ಮಾರುತ್ತಾರೆ. ಆ ಅಧಿಕಾರವನ್ನು ಪಡೆಯಲು ಸಾಮಾನ್ಯವಾಗಿ ‘ಬೂಟ್‌ಲೋಡರ್’ ಎಂಬ ಮೊದಲ ಬಾಗಿಲಿನ ಬೀಗವನ್ನು ತೆಗೆಯಬೇಕು. ಆ ಬೀಗ ತೆರೆದೊಡನೆ ಮೊಬೈಲು ತನ್ನೊಳಗಿನ ಚಿತ್ರ, ದನಿ, ಕಾಗದಪತ್ರಗಳನ್ನೆಲ್ಲ ತಾನೇ ಅಳಿಸಿಬಿಡುತ್ತದೆ. ಇದು ಯಂತ್ರದ ದೋಷವಲ್ಲ. ಕಳುವಾದ ಮೊಬೈಲಿನ ಬೀಗವನ್ನು ಕಳ್ಳನು ತೆರೆದರೂ ಮನೆಯವರ ಗುಟ್ಟು ಅವನಿಗೆ ಸಿಗಬಾರದೆಂದು ಮಾಡಿರುವ ಏರ್ಪಾಡು. ಮುಂಚಿತವಾಗಿ ಬೇರೆಡೆ ಪ್ರತಿ ಮಾಡಿಡದಿದ್ದರೆ ಹೋದದ್ದು ಮರಳಿ ಬರುವುದಿಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಜಾಗವಾದರೂ ಹೆಚ್ಚಿತೇ ಎಂದರೆ ಅದೂ ಇಲ್ಲ. ಬಾಡಿಗೆ ಮನೆಯೊಂದರಲ್ಲಿ ಮಾಲೀಕನು ಒಂದು ಕೋಣೆಗೆ ಬೀಗ ಹಾಕಿ ತನ್ನ ಸಾಮಾನು ಇಟ್ಟುಕೊಂಡಿದ್ದಾನೆಂದು ಭಾವಿಸೋಣ. ಆ ಬೀಗ ಒಡೆದು ಸಾಮಾನನ್ನು ಹೊರಗೆಸೆದರೆ ನಮ್ಮ ಪಡಸಾಲೆ ಒಂದು ಗೇಣಾದರೂ ಅಗಲವಾಗುವುದಿಲ್ಲ. ಮೊಬೈಲಿನ ರಚನೆಯೂ ಹೀಗೆಯೇ. ಕಂಪನಿಯವರು ಮೊದಲೇ ತುಂಬಿದ ಆ್ಯಪ್‌ಗಳ ಮೂಲಪ್ರತಿ ಬಹುಮಟ್ಟಿಗೆ ವ್ಯವಸ್ಥೆಯ ಪ್ರತ್ಯೇಕ ಭಾಗದಲ್ಲಿರುತ್ತದೆ. ನಮ್ಮ ಚಿತ್ರ, ದನಿಗಳಿಗೆ ಮೀಸಲಾದ ಭಾಗವೇ ಬೇರೆ. ಮೊದಲನೆಯದನ್ನು ಬರಿದು ಮಾಡಿದರೆ ಎರಡನೆಯದು ಬೆಳೆಯುವುದಿಲ್ಲ. ಹಲವು ಹೊಸ ಮೊಬೈಲುಗಳಲ್ಲಿ ವ್ಯವಸ್ಥೆಯ ಭಾಗವು ಓದಲು ಮಾತ್ರ ತೆರೆದದ್ದಾಗಿರುವುದರಿಂದ, ರೂಟ್ ಮಾಡಿ ತೆಗೆದ ಆ್ಯಪ್ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ನಿಜವಾಗಿ ಅಳಿಯುವುದೂ ಇಲ್ಲ. ಇದರ ಮೇಲೆ ಇನ್ನೊಂದು ತೊಂದರೆ: ರೂಟ್ ಆದ ಮೊಬೈಲಿನಲ್ಲಿ ಅನೇಕ ಬ್ಯಾಂಕುಗಳ ಆ್ಯಪ್‌ಗಳು ತೆರೆಯಲು ನಿರಾಕರಿಸುತ್ತವೆ. ಸಕಲ ಅಧಿಕಾರವು ಯಾವುದಾದರೂ ಕಪಟ ಆ್ಯಪ್‌ನ ಕೈಗೆ ಸಿಕ್ಕರೆ ಓಟಿಪಿ ಮೊದಲಾದ ಗುಟ್ಟುಗಳು ಹೊರಬೀಳುವ ಭಯವಿರುವುದೇ ಅದಕ್ಕೆ ಕಾರಣ.

ಹಾಗಾದರೆ ಬೇಡದ ಅತಿಥಿಗಳನ್ನು ಸಹಿಸಿಕೊಂಡೇ ಇರಬೇಕೇ? ಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯನ್ನು ತೆರೆದು, ಬೇಡವಾದದ್ದರ ಹೆಸರನ್ನು ಒತ್ತಿರಿ. ‘ಅನ್‌ಇನ್‌ಸ್ಟಾಲ್’ ಎಂದಿದ್ದರೆ ತೆಗೆದುಬಿಡಿ. ಅದಿಲ್ಲದೆ ‘ಡಿಸೇಬಲ್’ ಎಂದಿದ್ದರೆ ಅದನ್ನು ಒತ್ತಿರಿ. ಆಗ ಆ ಆ್ಯಪ್ ಮಲಗುತ್ತದೆ. ಹಿನ್ನೆಲೆಯಲ್ಲಿ ಓಡುವುದಿಲ್ಲ, ಜಾಹೀರಾತು ಕಳಿಸುವುದಿಲ್ಲ. ಕಾಲಕಾಲಕ್ಕೆ ಬಂದು ಸೇರಿದ ಅದರ ಹೊಸ ಆವೃತ್ತಿಗಳು ಮತ್ತು ಅದು ಕೂಡಿಟ್ಟ ಮಾಹಿತಿ ನಮ್ಮ ಭಾಗದ ಜಾಗವನ್ನೇ ತಿಂದಿರುತ್ತವೆ. ಅವನ್ನು ಅಳಿಸಿದರೆ ಆ ಜಾಗ ನಿಜವಾಗಿ ಬಿಡುಗಡೆಯಾಗುತ್ತದೆ. ರೂಟ್ ಮಾಡದೆಯೇ ದೊರೆಯುವ ಲಾಭ ಇಷ್ಟಿರುವಾಗ ಬೀಗ ಒಡೆಯುವ ಅಗತ್ಯ ಎಲ್ಲಿದೆ?

ಜಾಗವನ್ನು ನಿಜವಾಗಿ ನುಂಗುತ್ತಿರುವವರು ಯಾರೆಂಬುದನ್ನು ತಿಳಿಯಲು ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ ಎಂಬಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು. ಹೆಬ್ಬಳ್ಳಿಯ ಆ ಮನೆಯ ಇತರರ ಮೊಬೈಲುಗಳನ್ನು ನಾವು ನೋಡಿದಾಗ, ಕಂಪನಿಯ ಆ್ಯಪ್‌ಗಳಿಗಿಂತ ಎಷ್ಟೋ ಪಾಲು ಹೆಚ್ಚಿನ ಜಾಗವನ್ನು ವಾಟ್ಸ್‌ಆ್ಯಪ್ ಚಿತ್ರಗಳೂ ವಿಡಿಯೋಗಳೂ ಹಿಡಿದಿದ್ದವು. ದಿನಬೆಳಗಾದರೆ ಬರುವ ಶುಭೋದಯದ ಹೂವುಗಳು, ಒಂದೇ ಜಾತ್ರೆಯ ವಿಡಿಯೋ ನಾಲ್ಕು ಗುಂಪುಗಳಿಂದ ನಾಲ್ಕು ಸಲ, ಯಾರದೋ ಮದುವೆಯ ಊಟದ ಪಂಕ್ತಿ! ಇವನ್ನು ಕಂಪನಿ ತಂದು ಇಟ್ಟಿರಲಿಲ್ಲ. ಬಾಗಿಲು ತೆರೆದಿಟ್ಟವರು ನಾವೇ.

ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ಎಂಬ ವಿಭಾಗವಿದೆ. ಅಲ್ಲಿ ಚಿತ್ರ, ವಿಡಿಯೋಗಳು ತಾವಾಗಿಯೇ ಇಳಿಯದಂತೆ ತಡೆಯಬಹುದು. ‘ಮ್ಯಾನೇಜ್ ಸ್ಟೋರೇಜ್’ ಎಂಬಲ್ಲಿ ಹಲವು ಬಾರಿ ಸಾಗಿಬಂದ ಕಡತಗಳನ್ನೂ, 5 ಎಂ.ಬಿ.ಗಿಂತ ದೊಡ್ಡವನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಒಂದೊಂದನ್ನೂ ನೋಡಿ ಅಳಿಸಬಹುದು. ಕ್ರೋಮ್, ಯೂಟ್ಯೂಬ್ ಮೊದಲಾದವು ಕೂಡಿಟ್ಟುಕೊಂಡ ‘ಕ್ಯಾಶ್’ ಎಂಬ ತಾತ್ಕಾಲಿಕ ಸಂಗ್ರಹವನ್ನು ತೆರವು ಮಾಡಿದರೆ ನಮ್ಮದೇನೂ ನಷ್ಟವಾಗುವುದಿಲ್ಲ. ಆದರೆ ಅದರ ಬಳಿಯೇ ಇರುವ ‘ಕ್ಲಿಯರ್ ಡೇಟಾ’ ಎಂಬುದನ್ನು ತಿಳಿಯದೆ ಒತ್ತಬಾರದು. ಆ ಆ್ಯಪ್‌ನೊಳಗಿನ ನಮ್ಮ ಮಾಹಿತಿಯೂ ಅದರಿಂದ ಹೋಗುತ್ತದೆ. ಗೂಗಲ್ ಫೋಟೋಸ್ ಬಳಸುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಅಲ್ಲಿ ಸಾಮಾನ್ಯವಾಗಿ ಅಳಿಸಿದ ಚಿತ್ರವು ಮೊಬೈಲಿನಿಂದಲೂ ಗೂಗಲ್ ಸಂಗ್ರಹದಿಂದಲೂ ಹೋಗುತ್ತದೆ. ಮೊಬೈಲಿನ ಪ್ರತಿಯನ್ನು ಮಾತ್ರ ತೆಗೆಯಲು ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯೇ ದಾರಿಯಿದೆ. ಉಚಿತವಾಗಿ ದೊರೆಯುವ 15 ಜಿ.ಬಿ. ಜಾಗದಲ್ಲಿ 2021ರ ಜೂನ್ 1ರಿಂದ ಏರಿಸಿದ ಚಿತ್ರಗಳೂ ಲೆಕ್ಕಕ್ಕೆ ಬರುವುದರಿಂದ ಆ ಕಣಜವೂ ಅಕ್ಷಯವಲ್ಲ.

ಈಗಾಗಲೇ ರೂಟ್ ಆಗಿರುವ ಮೊಬೈಲನ್ನು ಬಳಸುತ್ತಿರುವ ಯುವಕರು ನಮ್ಮ ಮನೆಗಳಲ್ಲಿದ್ದಾರೆ. ಅವರಿಗೆ ನಮ್ಮ ಸೂಚನೆ ಇಷ್ಟೇ. ಯಾವುದನ್ನಾದರೂ ತೆಗೆಯುವ ಮೊದಲು ಎಲ್ಲವನ್ನೂ ಬೇರೆಡೆ ಪ್ರತಿ ಮಾಡಿಡಿರಿ. ಹೆಸರು ತಿಳಿಯದ ವ್ಯವಸ್ಥೆಯ ಆ್ಯಪ್ ಅನ್ನು ಮುಟ್ಟಬೇಡಿರಿ; ಅದನ್ನೇ ನೆಚ್ಚಿಕೊಂಡು ಬೇರೆ ಹತ್ತು ಕೆಲಸಗಳು ನಡೆಯುತ್ತಿರಬಹುದು, ತೆಗೆದರೆ ಮೊಬೈಲು ತೆರೆಯದೆಯೇ ಹೋಗಬಹುದು. ಮೊದಲು ಮಲಗಿಸಿ, ನಾಲ್ಕು ದಿನ ನೋಡಿ, ಆಮೇಲೆ ನಿರ್ಧರಿಸಿರಿ. ಸಕಲ ಅಧಿಕಾರವನ್ನು ಕೇಳುವ ಆ್ಯಪ್‌ಗಳಿಗೆಲ್ಲ ಹೂಂ ಅನ್ನಬೇಡಿರಿ. ಹಣಕಾಸಿನ ವ್ಯವಹಾರಕ್ಕೆ ಬೇರೆ ಮೊಬೈಲನ್ನು ಬಳಸಿರಿ. ಹಳೆಯ ಸ್ಥಿತಿಗೆ ಮರಳಿಸಿ ಬೀಗ ಹಾಕುವಾಗಲೂ ಮಾಹಿತಿ ಅಳಿಯುತ್ತದೆ ಮತ್ತು ಮೂಲ ತಂತ್ರಾಂಶವನ್ನು ಸರಿಯಾಗಿ ತುಂಬದೆ ಬೀಗ ಹಾಕಿದರೆ ಮೊಬೈಲು ಕೆಡಬಹುದು. ಆದ್ದರಿಂದ ಬಲ್ಲವರ ನೆರವಿಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಕೊಂಡವನ ಮೊಬೈಲಿನಲ್ಲಿ ಕೊಂಡವನ ಮಾತು ನಡೆಯಬೇಕಲ್ಲವೇ ಎಂಬ ಹುಡುಗರ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಈ ಪ್ರಶ್ನೆ ನಮ್ಮ ದೇಶದ ದೊಡ್ಡ ಪೀಠಗಳ ಮುಂದೆಯೂ ಬಂದಿದೆ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗವು ಗೂಗಲ್ ಸಂಸ್ಥೆಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ತನ್ನ ಆ್ಯಪ್‌ಗಳ ಇಡೀ ಗುಚ್ಛವನ್ನು ಮೊಬೈಲಿನಲ್ಲಿ ತುಂಬಬೇಕೆಂದು ತಯಾರಕರನ್ನು ಕಟ್ಟಿಹಾಕಿ, ತೆಗೆಯಲು ಅವಕಾಶ ಕೊಡದಿದ್ದುದೂ ಆಕ್ಷೇಪಗಳಲ್ಲಿ ಒಂದಾಗಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದರೂ, ಬಳಕೆದಾರರು ಆ್ಯಪ್ ತೆಗೆಯುವುದನ್ನು ತಡೆಯಬಾರದೆಂಬ ನಿರ್ದೇಶನವೂ ಸೇರಿ ಕೆಲವನ್ನು ರದ್ದುಪಡಿಸಿತು. 2025ರ ನವೆಂಬರ್ ಕೊನೆಯಲ್ಲಿ, ಕಳುವಾದ ಮೊಬೈಲುಗಳ ಪತ್ತೆಗೆ ಉಪಯುಕ್ತವಾದ ‘ಸಂಚಾರ್ ಸಾಥಿ’ ಆ್ಯಪ್ ಅನ್ನು ಹೊಸ ಮೊಬೈಲುಗಳಲ್ಲೆಲ್ಲ ಮೊದಲೇ ತುಂಬಬೇಕೆಂದು ದೂರಸಂಪರ್ಕ ಇಲಾಖೆ ಆದೇಶಿಸಿತು. ದೇಶದಾದ್ಯಂತ ಆಕ್ಷೇಪ ಎದ್ದಿತು. ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಕೈಬಿಡಲಾಯಿತು. ಒಳ್ಳೆಯದನ್ನಾದರೂ ಕೇಳಿ ಕೊಡಬೇಕು, ಬಲವಂತದಿಂದ ತುಂಬಬಾರದೆಂಬ ಭಾವನೆ ಜನರಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ.

ಆದರೆ ಹೊರಗಿನವರು ತುಂಬಿದ್ದನ್ನು ಪ್ರಶ್ನಿಸುವ ನಾವು, ನಾವೇ ತುಂಬಿಕೊಂಡದ್ದನ್ನು ಪ್ರಶ್ನಿಸುತ್ತೇವೆಯೇ? ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಕೇಳದ ಶರಣರ ಮನೆ ಇಲ್ಲ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿ ಅದನ್ನು ಒಳಗಿಡಲಿಲ್ಲ. ಹೆಚ್ಚಾದದ್ದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳಿಸಿದರು. ಬೇಕಾದಷ್ಟರ ಅಳತೆ ಅವರಿಗೆ ಗೊತ್ತಿತ್ತು. ಬಂದದ್ದನ್ನೆಲ್ಲ ಇಳಿಸಿಕೊಂಡು, ಜಾಗ ಸಾಲದೆಂದು ಇನ್ನೂ ದೊಡ್ಡ ಮೊಬೈಲು ಕೊಳ್ಳುವ ನಾವು ಆ ಅಳತೆಯನ್ನು ಮರೆತಿದ್ದೇವೆ.

ಬಿಡುವುದು ಎಷ್ಟು ಮುಖ್ಯವೋ ಉಳಿಸುವುದೂ ಅಷ್ಟೇ ಮುಖ್ಯ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಅಡಗಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತೆಗೆಯದಿದ್ದರೆ ಎಷ್ಟೋ ವಚನಗಳು ಹುಳುವಿನ ಪಾಲಾಗುತ್ತಿದ್ದವು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಪ್ರಕಟವಾಯಿತು. ಅಂದಿನ ಅಟ್ಟದಲ್ಲಿ ತಾಳೆಗರಿಯಿತ್ತು. ಇಂದಿನ ಅಟ್ಟದಲ್ಲಿ ಹಿರಿಯರ ದನಿಯಿದೆ. ಅದಕ್ಕೆ ಬೇಕಾದ ಜಾಗವಾದರೂ ಎಷ್ಟು? ಒಂದು ಗಂಟೆಯ ದನಿಗೆ ಸುಮಾರು 60 ಎಂ.ಬಿ. ಸಾಕು. ಮೊಬೈಲಿನಲ್ಲಿ ತೆಗೆದ ಒಂದೇ ನಿಮಿಷದ ಸ್ಪಷ್ಟ ವಿಡಿಯೋ ಅದಕ್ಕಿಂತ ಹೆಚ್ಚು ಜಾಗ ಬೇಡುವುದುಂಟು.

ಹೆಬ್ಬಳ್ಳಿಯ ಮನೆಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆವು. ಹುಡುಗನ ಉತ್ತರ ಕೇಳಿ ಎಲ್ಲರೂ ಮೌನವಾಗಿದ್ದಾಗ, ಬೈಲಹೊಂಗಲದಿಂದ ಬಂದಿದ್ದ ಅವನ ಅತ್ತೆ ತಮ್ಮ ಮೊಬೈಲನ್ನು ಚೀಲದಿಂದ ತೆಗೆದರು. ಎಂದೋ ಒಂದು ದಿನ ಅವನು ಅವರಿಗೆ ಒಂದು ತುಣುಕನ್ನು ಕಳಿಸಿದ್ದನಂತೆ. ಬಹಳ ಹೊತ್ತು ಹುಡುಕಿದ ಮೇಲೆ ಅದು ಸಿಕ್ಕಿತು. ನಾಲ್ಕು ನಿಮಿಷದ ದನಿ. ನಡುವೆ ಆಯಿಯ ಕೆಮ್ಮು, ಹಿತ್ತಲಲ್ಲಿ ಆಕಳು ಕೂಗಿದ ಸದ್ದು. ಪಡಸಾಲೆಯಲ್ಲಿ ಕುಳಿತವರು ಅದನ್ನು ಮೂರು ಸಲ ಕೇಳಿದರು. ಉಳಿದ ವಚನಗಳು ಇನ್ನು ಆ ಧಾಟಿಯಲ್ಲಿ ಕೇಳಿಬರುವುದಿಲ್ಲ.

ಆದುದರಿಂದ ಓದುಗರಲ್ಲಿ ನಮ್ಮ ಬಿನ್ನಹ ಇಷ್ಟೇ. ಮೊಬೈಲಿನಲ್ಲಿ ಜಾಗ ಮಾಡಲು ಕೂಡುವ ಮೊದಲು ಮನೆಯ ಹಿರಿಯರ ದನಿ, ಹಳೆಯ ಚಿತ್ರ, ಹೊಲಮನೆಯ ಕಾಗದಗಳ ಪ್ರತಿ ಇವನ್ನು ಬೇರೆ ಎರಡು ಕಡೆಯಾದರೂ ಇಡಿರಿ: ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ದೂರದ ಊರಿನ ಬಂಧುಗಳ ಬಳಿ. ಆಮೇಲೆ ನಿಶ್ಚಿಂತೆಯಿಂದ ಕಸ ಗುಡಿಸಿರಿ. ಹಿರಿಯರ ದನಿಯನ್ನು ಇನ್ನೂ ಹಿಡಿದಿಡದ ಮನೆಯವರು, ಅವರು ಇರುವಾಗಲೇ ಇಂದು ಸಂಜೆ ಅವರ ಬಳಿ ಕುಳಿತುಕೊಳ್ಳಿರಿ.