ಗೋಡೆಗೆ ಸಿಂಗಾರ, ಮುಖಕ್ಕೆ ಕತ್ತಲೆ

ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಸ ಫ್ಲ್ಯಾಟಿಗೆ ಕರೆದೊಯ್ದ. ದೇವರ ಮನೆಗಿಂತ ಮೊದಲು ಅವನು ತೋರಿಸಿದ್ದು ವಿಡಿಯೋ ಕರೆಗೆಂದೇ ಸಜ್ಜುಗೊಳಿಸಿದ ಕೋಣೆಯನ್ನು. ಮೇಜಿನ ಮೇಲೆ ಬಳೆಯಾಕಾರದ ದೀಪ, ಬೆನ್ನ ಹಿಂದೆ ಪುಸ್ತಕದ ಕಪಾಟು, ಕುಂಡದಲ್ಲೊಂದು ಗಿಡ. ಒಂದು ಪುಸ್ತಕವನ್ನು ಎಳೆದು ನೋಡಿದೆ. ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. "ಅದು ಬ್ಯಾಕ್‌ಗ್ರೌಂಡಿಗೆ ಸಾರ್" ಎಂದು ನಕ್ಕ. ನಾನೂ ನಕ್ಕೆ. ಅಷ್ಟರಲ್ಲಿ ಅವನ ತಾಯಿ ಕಾಫಿ ಹಿಡಿದು ಬಂದವರು ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು, "ಕ್ಯಾಮೆರಾ ಆನ್ ಇದೆಯೇನಪ್ಪಾ?" ಎಂದು ಕೇಳಿದರು. ನನ್ನ ನಗು ಅಲ್ಲಿಗೇ ನಿಂತಿತು.

ಆ ಶಿಷ್ಯ ಇದನ್ನೂ ಓದುತ್ತಾನೆಂದು ಬಲ್ಲೆ. ಬೇಸರಿಸದಿರಲಿ. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಮನೆಯೇ ಕಚೇರಿಯಾಯಿತು, ಮನೆಯೇ ಶಾಲೆಯಾಯಿತು. ಒಗ್ಗರಣೆಯ ಸದ್ದು ಮೀಟಿಂಗಿನಲ್ಲಿ ಕೇಳಬಾರದೆಂಬ ಆತಂಕ ನನಗೆ ಅರ್ಥವಾಗುತ್ತದೆ. ಅದು ಅನ್ನದ ಪ್ರಶ್ನೆ. ನನ್ನ ತಕರಾರು ಬೇರೆ. ಕಚೇರಿಯ ಕರೆಗೆ ಒಂದು ಕೋಣೆಯನ್ನೇ ಬಿಟ್ಟುಕೊಟ್ಟ ನಾವು, ಹೆತ್ತವರ ಕರೆಗೆ ಒಂದು ಕುರ್ಚಿಯನ್ನಾದರೂ ಸರಿಯಾಗಿ ಹಾಕಿಕೊಟ್ಟಿದ್ದೇವೆಯೇ?

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಅಕ್ಕನಿಗೆ ಈಗ 86. ಮಗ ಕ್ಯಾಲಿಫೋರ್ನಿಯಾದಲ್ಲಿ. ಭಾನುವಾರ ಬೆಳಿಗ್ಗೆ 8 ಗಂಟೆಗೆ ಕರೆ ಬರುತ್ತದೆ. ಅಲ್ಲಿ ಇನ್ನೂ ಶನಿವಾರದ ಸಂಜೆ. ಒಮ್ಮೆ ಮೊಮ್ಮಗ ತಾನು ಬರೆದ ಚಿತ್ರವನ್ನು ಎತ್ತಿ ಹಿಡಿದ. ಅವನ ಹಿಂದೆ ಅಪ್ಪ ಆಫೀಸಿನ ಮೀಟಿಂಗಿಗೆಂದು ಹಾಕಿಟ್ಟಿದ್ದ ಕಡಲತೀರದ ಸುಳ್ಳು ದೃಶ್ಯ. ಕಂಪ್ಯೂಟರು ಮನುಷ್ಯನ ಆಕಾರವನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಹಿನ್ನೆಲೆಯೆಂದು ಬಗೆದು ಅಳಿಸುತ್ತದೆ. ಮಗುವಿನ ಹಾಳೆ ಕಡಲಿನಲ್ಲಿ ಮುಳುಗಿಹೋಯಿತು. "ಎಲ್ಲಿದೆಯೋ ಪುಟ್ಟಾ, ಕಾಣ್ತಿಲ್ವಲ್ಲೋ" ಎನ್ನುತ್ತ ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದಳು. ತಪ್ಪು ತನ್ನ ಕಣ್ಣಿನದೇ ಎಂದು ತಿಳಿದಳು.

ಇತ್ತಕಡೆ ನಾನು ಮಾಡಿದ್ದೇನು? ಆನ್‌ಲೈನ್ ಉಪನ್ಯಾಸವೊಂದಕ್ಕೆ ಕರೆ ಬಂದಾಗ ಎರಡು ದಿನ ಮೇಜು ಕುರ್ಚಿ ಜರುಗಿಸಿ, ಶಾಲು ಹೊದ್ದು ಕುಳಿತಿದ್ದವನು ನಾನು. ಅಕ್ಕನಿಗೆ ಮಾತ್ರ ತಾಮ್ರದ ಚೊಂಬಿಗೆ ಆನಿಸಿಟ್ಟ ಮೊಬೈಲು, ಬೆನ್ನ ಹಿಂದೆ ಬೆಳಗುವ ಕಿಟಕಿ. ಮಗನಿಗೆ ಕಾಣುತ್ತಿದ್ದುದು ತಾಯಿಯ ಗಲ್ಲ ಮತ್ತು ತಿರುಗುವ ಫ್ಯಾನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ತರಗತಿಯಲ್ಲಿ ಕರಿಹಲಗೆಯನ್ನು ಕೊನೆಯ ಬೆಂಚಿನ ಮಗುವಿಗೆ ಕಾಣುವಂತೆ ಇಡಬೇಕು. ಮುಂದಿನ ಬೆಂಚಿನವರಿಗೆ ಹೇಗೂ ಕಾಣುತ್ತದೆ. ವಿಡಿಯೋ ಕರೆಯ ಜಾಗಕ್ಕೂ ಇದೇ ನ್ಯಾಯ. ಯಾರಿಗೆ ಕಣ್ಣು ಮಂಜೋ, ಕಿವಿ ಮಂದವೋ, ಅವರೇ ಇಲ್ಲಿ ಕೊನೆಯ ಬೆಂಚಿನವರು. ಮುಖದ ಮೇಲೆ ಬೆಳಕು ಬೀಳಬೇಕೆನ್ನುವುದು ಅಂದಕ್ಕಲ್ಲ. ಕಿವಿ ಮಂದವಾದವರು ಎದುರಿನವರ ತುಟಿಯ ಚಲನೆ ನೋಡಿ ಎಷ್ಟೋ ಮಾತನ್ನು ಹಿಡಿಯುತ್ತಾರೆ. ನಿಮ್ಮ ಮುಖ ಕತ್ತಲಲ್ಲಿದ್ದರೆ ಅವರಿಗೆ ನಿಮ್ಮ ಮಾತೂ ಕತ್ತಲೆಯೇ.

ಆದ್ದರಿಂದ ಊರಿಗೆ ಬಂದಾಗ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಅಪ್ಪ ಅಮ್ಮನ ಕುರ್ಚಿಯನ್ನು ಕಿಟಕಿಗೆ ಮುಖ ಮಾಡಿ ಇಡಿ. ಕಿಟಕಿ ಬೆನ್ನ ಹಿಂದಿದ್ದರೆ ಕ್ಯಾಮೆರಾ ಆ ಪ್ರಖರ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಹಳೆಯ ದೀಪಾವಳಿ ವಿಶೇಷಾಂಕಗಳನ್ನು ಪೇರಿಸಿ ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿ. ಗಾರೆ ನೆಲ, ಬೋಳು ಗೋಡೆ ದನಿಯನ್ನು ಮರಳಿಸುತ್ತವೆ. ಒಂದು ಜಮಖಾನ ಹಾಸಿ, ಪರದೆ ಎಳೆಯಿರಿ. ಫ್ಯಾನಿನ ಗಾಳಿ ನೇರವಾಗಿ ಮೊಬೈಲಿಗೆ ಬಡಿಯದಿರಲಿ. ವೈಫೈ ಪೆಟ್ಟಿಗೆಯನ್ನು ಇನ್ವರ್ಟರ್ ಲೈನಿಗೆ ಸೇರಿಸಿ. ಕರೆಂಟು ಹೋದರೂ ಮಾತು ತುಂಡಾಗುವುದಿಲ್ಲ. ಇಷ್ಟಕ್ಕೆ ಬಳೆಯಾಕಾರದ ದೀಪ ಬೇಡ, ಓದದ ಪುಸ್ತಕವೂ ಬೇಡ.

ಇನ್ನು ನಿಮ್ಮ ಕಡೆ: ತಾಯಿಯೊಂದಿಗೆ ಮಾತನಾಡುವಾಗಲಾದರೂ ಆ ಕಡಲನ್ನು ತೆಗೆಯಿರಿ. ಅವಳಿಗೆ ಬೇಕಾದದ್ದು ನಿಮ್ಮ ಮನೆ. "ಮನೆ ಹರವಿಕೊಂಡಿದೆ, ತೋರಿಸಲು ಮುಜುಗರ" ಎನ್ನುವಿರಾ? ನಿಮ್ಮ ತೊಟ್ಟಿಲ ಬಟ್ಟೆ ಒಗೆದವಳ ಮುಂದೆ ಎಂಥ ಮುಜುಗರ?

ಈ ಮಾತನ್ನು ಸೋದರಳಿಯನಿಗೂ ಹೇಳಿದೆ. ಅಕ್ಕನ ಕುರ್ಚಿಯನ್ನು ಜಗಲಿಗೆ ತಂದು, ಅಂಗಳದ ಬೆಳಕಿಗೆ ಮುಖ ಮಾಡಿ ಇಟ್ಟೆ. ಹಿಂದೆಲ್ಲ ಬಂದವರನ್ನು ಕೂರಿಸಿ ಮಾತನಾಡಿಸುತ್ತಿದ್ದ ಜಾಗವದು. ಮರುವಾರ ಅತ್ತ ಕಡಲಿರಲಿಲ್ಲ. ಸೋಫಾದ ಮೇಲೆ ಮಡಚದ ಬಟ್ಟೆಯ ರಾಶಿ, ಗೋಡೆಯಲ್ಲಿ ಓರೆಯಾಗಿ ಅಂಟಿಸಿದ ಮೊಮ್ಮಗನ ಚಿತ್ರ. ಅಕ್ಕ ಬಹಳ ಹೊತ್ತು ಅದನ್ನೆಲ್ಲ ನೋಡಿ, "ಆ ಬಟ್ಟೆ ಮಡಚಿಡೋ, ಇರುವೆ ಸೇರ್ತಾವೆ" ಎಂದಳು. ಮಗ ಹೋಗಿ ಹನ್ನೊಂದು ವರ್ಷವಾದ ಮೇಲೆ ಅವಳು ಅವನ ಮನೆಯೊಳಗೆ ಕಾಲಿಟ್ಟದ್ದು ಅಂದೇ.

ಮೇಷ್ಟ್ರ ಮಾತು ಕಟುವಾಗಿದ್ದರೆ ಕ್ಷಮೆಯಿರಲಿ. ಆದರೆ ಹೋಮ್‌ವರ್ಕ್ ಮಾತ್ರ ತಪ್ಪಿಸಬೇಡಿ.